ಪರದೆ ಮೇಲೆ ಸರಿ ಇದೆ, ಕಾಗದ ಒಪ್ಪಬೇಕಲ್ಲ?

"ಡಿಸೈನ್ ಎಲ್ಲಾ ಕಂಪ್ಯೂಟರ್‌ನಲ್ಲೇ ಆಗುತ್ತೆ. ತಿರುಗಿಸಿ ಮುರುಗಿಸಿ ನೋಡಿಯೂ ಆಗಿರುತ್ತೆ. ಮತ್ತೆ ಅದನ್ನ ಕತ್ತರಿಸಿ ಅಂಟಿಸಿ ನೀವು ಪರೀಕ್ಷೆ ಮಾಡೋದೇನು?"

ಗೆಳೆಯನೊಬ್ಬ ಕಾಗದದ ವಿಮಾನಗಳ ಮಾದರಿ ಬಿಡಿಸುತ್ತಾನೆ. ಅವು ಬೇರೆಯವರ ಕೈಗೆ ಹೋಗುವ ಮೊದಲು ನಾನು ಒಂದು ಸಲ ಕಟ್ಟಿ ನೋಡುತ್ತೇನೆ. ಹೀಗಂದಾಗಲೆಲ್ಲ ಬರುವ ಪ್ರಶ್ನೆ ಇದು. ಉತ್ತರ ಸುಲಭ: ಪರದೆ ಮೇಲಿನ ಹಾಳೆಗೆ ದಪ್ಪ ಇರುವುದಿಲ್ಲ, ಕೈಯಲ್ಲಿರುವ ಹಾಳೆಗೆ ಇರುತ್ತದೆ.

ಈಚೆಗೆ ಕಟ್ಟಿದ್ದು ಡಗ್ಲಸ್ ಡಿಸಿ-3. 1935ರ ಡಿಸೆಂಬರ್ 17ರಂದು ಮೊದಲ ಸಲ ಹಾರಿದ, ಎರಡು ಎಂಜಿನ್ನಿನ ಪ್ರಯಾಣಿಕ ವಿಮಾನ. ನಿಜವಾದದ್ದರ ರೆಕ್ಕೆ ತುದಿಯಿಂದ ತುದಿಗೆ ಸುಮಾರು 29 ಮೀಟರ್. ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ ಒಂದಡಿ ಸ್ಕೇಲಿಗಿಂತ ಸ್ವಲ್ಪ ಗಿಡ್ಡ. ಈ ಅಳತೆಯಲ್ಲಿ ಅರ್ಧ ಮಿಲಿಮೀಟರ್ ತಪ್ಪಿದರೂ ಕಣ್ಣಿಗೆ ಹೊಡೆಯುತ್ತದೆ.

ನಾನು ಬಳಸುವ 160 ಜಿಎಸ್‌ಎಂ (ಅಂದರೆ ಒಂದು ಚದರ ಮೀಟರ್‌ಗೆ 160 ಗ್ರಾಂ ತೂಗುವ) ಹಾಳೆಯ ದಪ್ಪ ಸುಮಾರು 0.2 ಮಿ.ಮೀ. ವಿಮಾನದ ಒಡಲು ಅಂದರೆ ಒಂದರ ಪಕ್ಕ ಒಂದು ಜೋಡಿಸಿದ ಕಾಗದದ ಬಳೆಗಳು. ಎರಡು ಬಳೆ ಕೂಡಿಸಲು ಒಳಗಡೆ ಒಂದು ಪಟ್ಟಿ ಸುತ್ತಬೇಕು. ಆ ಪಟ್ಟಿ ಒಂದು ಹಾಳೆಯಷ್ಟು ಒಳಗೆ ಕೂರುತ್ತದೆ. ಹಾಗಾಗಿ ಅದರ ಸುತ್ತಳತೆ ಸುಮಾರು 1.25 ಮಿ.ಮೀ. ಕಮ್ಮಿ ಇರಬೇಕು. ಮಜಾ ಏನಂದ್ರೆ, ಬಳೆ ದೊಡ್ಡದಿರಲಿ ಚಿಕ್ಕದಿರಲಿ, ಕಳೆಯಬೇಕಾದದ್ದು ಅಷ್ಟೇ. ಗೆಳೆಯ ಎಲ್ಲ ಪಟ್ಟಿಗಳನ್ನೂ ಶೇಕಡಾ ಲೆಕ್ಕದಲ್ಲಿ ಕುಗ್ಗಿಸಿದ್ದ. ಹೊಟ್ಟೆಯ ಭಾಗದಲ್ಲಿ ಸರಿಹೋಯಿತು. ಬಾಲದ ಕಡೆ ಬಳೆಗಳು ಸಣ್ಣವಾದಂತೆ ಪಟ್ಟಿಯ ತುದಿಗಳು ಒಂದರ ಮೇಲೊಂದು ಏರಿ ಕೂತವು.

ಮೊದಲ ಸಲ ಬಣ್ಣವಿಲ್ಲದೆ ಬರೀ ಗೀಟುಗಳನ್ನು ಮುದ್ರಿಸಿ ಕಟ್ಟುತ್ತೇನೆ. ಬಣ್ಣ ಚೆನ್ನಾಗಿದ್ದರೆ ತಪ್ಪನ್ನು ಕಣ್ಣು ಮನ್ನಿಸಿಬಿಡುತ್ತದೆ. ಮುದ್ರಿಸಿದ ಮೇಲೆ ಹಾಳೆಯ ಅಂಚಿನಲ್ಲಿರುವ 100 ಮಿ.ಮೀ. ಗೀಟನ್ನು ಅಳೆಯುತ್ತೇನೆ. ಪ್ರಿಂಟರ್ ಪುಟಕ್ಕೆ ಹೊಂದಿಸಲು ಹೋಗಿ ಸದ್ದಿಲ್ಲದೆ ಕುಗ್ಗಿಸಿರುತ್ತದೆ.

ಡಿಸಿ-3 ನನ್ನನ್ನು ಗೋಳು ಹೊಯ್ದುಕೊಂಡದ್ದು ರೆಕ್ಕೆ ಒಡಲಿಗೆ ಸೇರುವ ಜಾಗದಲ್ಲಿ. ನಿಜವಾದ ವಿಮಾನದಲ್ಲಿ ಅಲ್ಲಿನ ಲೋಹದ ತಗಡು ಸೊಗಸಾಗಿ ಬಾಗಿ ಒಡಲ ಮೇಲೆ ಏರುತ್ತದೆ. ತಗಡನ್ನು ಬಡಿದು ಹಿಗ್ಗಿಸಬಹುದು. ಕಾಗದ ಹಿಗ್ಗುವುದಿಲ್ಲ. ಸುತ್ತಿದರೆ ಕೊಳವೆಯಾಗುತ್ತದೆ, ಕೋನ್ ಆಗುತ್ತದೆ. ಎರಡು ದಿಕ್ಕಿಗೂ ಒಟ್ಟಿಗೆ ಬಾಗು ಅಂದರೆ ಸುಕ್ಕುಗಟ್ಟಿ ಮುನಿಸಿಕೊಳ್ಳುತ್ತದೆ. ಮೂತಿಗೂ ಇದೇ ಕಾಟ. ಆದರೆ ಅಲ್ಲಿ ಹೂವಿನ ಎಸಳುಗಳ ಹಾಗೆ ಸೀಳಿ ಮುಚ್ಚಿದರೆ ನಡೆಯುತ್ತದೆ. ಇಲ್ಲಿ ಆ ಉಪಾಯ ನಡೆಯಲಿಲ್ಲ. ಗೆಳೆಯ ಮೊದಲು ಒಂದೇ ತುಂಡಾಗಿ ಕೊಟ್ಟಿದ್ದ, ಸುಕ್ಕಾಯಿತು. ಆಮೇಲೆ ಏಳು ಚೂರು ಮಾಡಿದ. ಚಿಮಟದಲ್ಲಿ ಹಿಡಿದು ಅಂಟಿಸುವಷ್ಟರಲ್ಲಿ ಒಂದು ಚೂರು ನನ್ನ ಬೆರಳಿಗೇ ಅಂಟಿತ್ತು. ಕೊನೆಗೆ ಎರಡೇ ತುಂಡು, ಒಡಲಿನ ಕಡೆಯ ಅಂಚಿಗೆ ಮೂರು ಸಣ್ಣ ಸೀಳು. ಒಳಬದಿಯನ್ನು ಉಗುರಿನಿಂದ ನಿಧಾನಕ್ಕೆ ಉಜ್ಜಿ ಬಾಗಿಸಿದೆ. ಕೂತಿತು! ಈ ಉಜ್ಜುವ ಮಾತು ಈಗ ಸೂಚನೆಯಲ್ಲಿ ಸೇರಿದೆ. ಕಂಪ್ಯೂಟರ್‌ಗೆ ಉಗುರು ಎಲ್ಲಿದೆ?

ಇನ್ನು ಸೂಚನೆಗಳ ಸಾಲು. ಎರಡೂ ರೆಕ್ಕೆಗಳನ್ನು ಹಿಡಿಯುವ ಅಡ್ಡಪಟ್ಟಿ ಒಡಲಿನ ಒಳಗೆ ಹಾಯಬೇಕು. ಒಂಬತ್ತನೇ ಹಂತದಲ್ಲಿ ಒಡಲು ಮುಚ್ಚಿ ಅಂತ ಬರೆದಿದ್ದ. ಹದಿನಾಲ್ಕರಲ್ಲಿ ಅಡ್ಡಪಟ್ಟಿ ಒಳಗಿಡಿ ಅಂತ! ಬಿಡಿಸಿದವನಿಗೆ ಎಲ್ಲ ತಲೆಯಲ್ಲೇ ಇರುತ್ತದೆ ನೋಡಿ. ಏನೂ ಗೊತ್ತಿಲ್ಲದವನ ಹಾಗೆ, ಬರೆದದ್ದನ್ನಷ್ಟೇ ಮಾಡುತ್ತಾ ಕಟ್ಟುವುದು ಈ ಕೆಲಸದಲ್ಲಿ ಎಲ್ಲಕ್ಕಿಂತ ಕಷ್ಟ. ನಾನೂ ಎಷ್ಟೋ ಸಲ ಸುಮ್ನೆ ನನ್ನ ಬುದ್ಧಿ ಓಡಿಸಿ ತಪ್ಪನ್ನು ದಾಟಿಬಿಟ್ಟಿದ್ದೇನೆ.

ಕೊನೆಯದು ಚಕ್ರ. ಡಿಸಿ-3 ಹಾರುವಾಗ ಚಕ್ರ ಪೂರ್ತಿ ಒಳಗೆ ಹೋಗುವುದಿಲ್ಲ, ಎಂಜಿನ್ ಗೂಡಿನ ಕೆಳಗೆ ಸ್ವಲ್ಪ ಇಣುಕುತ್ತಿರುತ್ತದೆ. ದಾರ ಕಟ್ಟಿ ನೇತುಹಾಕುವವರಿಗಾಗಿ ಇವನು ಗೂಡನ್ನು ಪೂರ್ತಿ ಮುಚ್ಚಿದ್ದ. ಹೇಳಿದೆ. ಬೈದುಕೊಂಡೇ ತಿದ್ದಿದ. ಹೊಸ ಹಾಳೆ ನಿನ್ನೆ ಬಂತು. ಇಣುಕುವ ಚಕ್ರ ಇದೆ, ಅದನ್ನು ಅಂಟಿಸಲು ಅಂಚೇ ಬಿಟ್ಟಿಲ್ಲ.