‘ಏದೇ’ ಎಂದರೆ ಬರೀ ‘ಆಗಲೇ’ ಅಲ್ಲ

ಸಾಕ್ರೆಟೀಸನ ಒಂದೇ ಒಂದು ವಾಕ್ಯವನ್ನು ಗ್ರೀಕಿನಿಂದ ಕನ್ನಡಕ್ಕೆ ತರಲು ಹಿಡಿದು ಕೂತು ಇವತ್ತಿಗೆ ಮೂರು ದಿನ. ಕ್ರಿ.ಪೂ. 399ರ ಅಥೆನ್ಸ್. ಮರಣದಂಡನೆ ಗೊತ್ತಾಗಿದೆ, ಎಪ್ಪತ್ತರ ಮುದುಕ ನ್ಯಾಯಾಲಯದಲ್ಲಿ ಮಾತು ಮುಗಿಸುತ್ತಿದ್ದಾನೆ. ಪ್ಲೇಟೋ ಬರೆದಿಟ್ಟ ಆ ವಾಕ್ಯ ಶುರುವಾಗುವುದು ಹೀಗೆ: ‘ಅಲ್ಲ ಗರ್ ಏದೇ ಹೋರಾ ಅಪಿಯೆನಾಯ್’. ‘ಹೋರಾ’ ಎಂದರೆ ಹೊತ್ತು. ಜ್ಯೋತಿಷ್ಯದ ಹೋರೆ ಗ್ರೀಕಿನ ಈ ಪದದಿಂದಲೇ ಸಂಸ್ಕೃತಕ್ಕೆ ಬಂದದ್ದು. ‘ಅಪಿಯೆನಾಯ್’ ಎಂದರೆ ಹೊರಟುಹೋಗುವುದು. ತೊಡಕಾದದ್ದು ನಡುವಿನ ‘ಏದೇ’.

ನಿಘಂಟಿನಲ್ಲಿ ‘ಆಗಲೇ, ಈಗಾಗಲೇ’ ಎಂದಿದೆ, ಅದರ ಬೆನ್ನಿಗೇ ‘ಕೂಡಲೇ’ ಎಂದೂ ಇದೆ. ‘ಆಗಲೇ ಹೊರಡುವ ಹೊತ್ತಾಯಿತು’ ಎಂದು ಬರೆದೆ. ಗಟ್ಟಿಯಾಗಿ ಓದಿದರೆ, ಇಷ್ಟು ಬೇಗ ಸಮಯ ಮುಗಿಯಿತಲ್ಲ ಎಂದು ಅವನು ಹಳಹಳಿಸಿದಂತೆ ಕೇಳಿಸಿತು. ಸಾಕ್ರೆಟೀಸ್ ಹಾಗೆ ಹಳಹಳಿಸುವವನಲ್ಲ. ಹೊಡೆದುಹಾಕಿದೆ. ಬೈಬಲ್ಲಿನ ಯೋಹಾನನ ಸುವಾರ್ತೆಯಲ್ಲಿ, ಸತ್ತ ಲಾಜರನ ಸಮಾಧಿಯ ಮುಂದೆ ಅವನ ಸಹೋದರಿ ಮಾರ್ಥಾ, ನಾಲ್ಕು ದಿನವಾಯಿತು, ‘ಏದೇ’ ವಾಸನೆ ಬರುತ್ತಿದೆ ಎನ್ನುತ್ತಾಳೆ. ಅಲ್ಲಿ ‘ಆಗಲೇ’ ಸರಿಯಾಗಿ ಕೂರುತ್ತದೆ, ಏಕೆಂದರೆ ಕಾಲ ಮೀರಿತೆಂಬ ಸಂಕಟ ಅವಳದು.

ದಾರಿ ತೋರಿಸಿದವನು ಅರಿಸ್ಟಾಟಲ್. ‘ಭೌತಶಾಸ್ತ್ರ’ದ ನಾಲ್ಕನೆಯ ಭಾಗದಲ್ಲಿ, ಕಾಲದ ದೊಡ್ಡ ಚರ್ಚೆಯ ನಡುವೆ, ಈ ಪುಟ್ಟ ಪದಕ್ಕೂ ಜಾಗ ಕೊಟ್ಟಿದ್ದಾನೆ. ಯಾವಾಗ ನಡೆಯುತ್ತೀಯ ಎಂದು ಕೇಳಿದರೆ ‘ಏದೇ’ ಎನ್ನಬಹುದು, ಆ ಗಳಿಗೆ ಹತ್ತಿರವಿದೆ. ನಡೆದಾಯಿತು ಎನ್ನುವುದಕ್ಕೂ ‘ಏದೇ’ ಸಲ್ಲುತ್ತದೆ, ಅದು ಈಗಿನಿಂದ ದೂರ ಸರಿದಿಲ್ಲ. ಆದರೆ ಟ್ರಾಯ್ ನಗರ ‘ಏದೇ’ ಬಿದ್ದಿದೆ ಎನ್ನುವಂತಿಲ್ಲ, ಅದು ತೀರಾ ಹಿಂದಿನದು. ಇದನ್ನು ಓದಿ ನನಗೆ ಆದ ಸಂತೋಷ ಅಷ್ಟಿಷ್ಟಲ್ಲ. ಹಿಂದೋ ಮುಂದೋ ಎಂಬುದು ಈ ಪದಕ್ಕೆ ಮುಖ್ಯವೇ ಅಲ್ಲ, ‘ಈಗ’ಕ್ಕೆ ಅಂಟಿಕೊಂಡಿದ್ದರೆ ಸಾಕು.

ಕನ್ನಡದಲ್ಲಿ ಈ ಕೆಲಸವನ್ನು ಎಷ್ಟೋ ಸಲ ಕ್ರಿಯಾಪದವೇ ಮಾಡಿಬಿಡುತ್ತದೆ. ಯಾರಾದರೂ ಕರೆದರೆ ‘ಬಂದೆ’ ಎನ್ನುತ್ತೇವೆ; ಇನ್ನೂ ಕುರ್ಚಿಯಿಂದ ಎದ್ದಿರುವುದಿಲ್ಲ, ರೂಪ ಮಾತ್ರ ಭೂತಕಾಲದ್ದು. ‘ಹೊತ್ತಾಯಿತು’ ಎಂಬುದೂ ಹಾಗೆಯೇ. ಆದ್ದರಿಂದ ಅರ್ಧ ಭಾರವನ್ನು ಅದಕ್ಕೇ ಬಿಟ್ಟು, ಮುಂದೆ ಒಂದು ‘ಇನ್ನು’ ಇಟ್ಟೆ. ಗಿಡ್ಡ ಉಕಾರದ ‘ಇನ್ನು’. ಅದನ್ನು ಎಳೆದು ‘ಇನ್ನೂ’ ಎಂದರೆ ಕೆಟ್ಟಿತು, ಅದು ಮುಗಿಯದೆ ಮುಂದುವರಿದಿದೆ ಎನ್ನುವ ಗ್ರೀಕಿನ ‘ಎತಿ’ ಆಗುತ್ತದೆ, ಅರ್ಥವೇ ತಿರುಗಿಬೀಳುತ್ತದೆ.

ಸದ್ಯಕ್ಕೆ ನನ್ನ ಕರಡಿನಲ್ಲಿರುವುದು: ‘ಸರಿ, ಇನ್ನು ಹೊರಡುವ ಹೊತ್ತಾಯಿತು, ನಾನು ಸಾಯಲು, ನೀವು ಬದುಕಲು.’