ಪ್ರೀಮಿಯಂ ಕಟ್ಟಿ ಕಳೆದುಕೊಂಡ ಮೇಲೆ ಸಂಬಳ ಏರಿಕೆ ಕೇಳಲಾಗಲಿಲ್ಲ

ಬಳ್ಳಾರಿಯ ಒಂದು ತೆರಿಗೆ ಲೆಕ್ಕದ ಕಚೇರಿಯಲ್ಲಿ ನನಗೆ ಕೆಲಸ. ಜೀನ್ಸ್ ಹೊಲಿಗೆ ಘಟಕದವರು, ಲಾರಿ ಮಾಲೀಕರು, ತೋರಣಗಲ್ಲಿಗೆ ದುಡಿಯಲು ಹೋಗುವ ಹುಡುಗರು ನಮ್ಮ ಕಕ್ಷಿದಾರರು. ಆ ಹುಡುಗರು ಆಪ್ಷನ್ಸ್‌ನಲ್ಲಿ, ಅಂದರೆ ಷೇರು ಸೂಚ್ಯಂಕ ಏರುತ್ತದೋ ಇಳಿಯುತ್ತದೋ ಎಂದು ಹಣ ಕಟ್ಟುವ ಒಪ್ಪಂದಗಳಲ್ಲಿ, ಕಳೆದುಕೊಂಡದ್ದನ್ನು ಆದಾಯ ತೆರಿಗೆಯ ಐಟಿಆರ್-3 ನಮೂನೆಯಲ್ಲಿ ತುಂಬಿಸುವವನು ನಾನೇ. ಮೂರು ವರ್ಷಗಳಲ್ಲಿ ಈ ಬಗೆಯ ಒಪ್ಪಂದಗಳಲ್ಲಿ ಶೇ 93ರಷ್ಟು ವೈಯಕ್ತಿಕ ವಹಿವಾಟುದಾರರು ಹಣ ಕಳೆದುಕೊಂಡಿದ್ದಾರೆ ಎಂದು ಷೇರುಪೇಟೆಯ ನಿಯಂತ್ರಕ ಸೆಬಿ 2024ರ ಸೆಪ್ಟೆಂಬರ್‌ನಲ್ಲಿ ಹೇಳಿದ್ದನ್ನೂ ಓದಿದ್ದೆ. ಆದರೂ 2025ರ ಜನವರಿಯಲ್ಲಿ, ಕೂಡಿಟ್ಟಿದ್ದ 60,000 ರೂಪಾಯಿಯೊಂದಿಗೆ ಇಳಿದೆ.

‘ಆಪ್ಷನ್ ಕೊಂಡವನ ನಷ್ಟ ಪ್ರೀಮಿಯಂನಷ್ಟೇ’ ಎಂಬ ಮಾತು ನನ್ನನ್ನು ನಂಬಿಸಿತು. ಪ್ರೀಮಿಯಂ ಎಂದರೆ ಆಪ್ಷನ್ ಕೊಳ್ಳಲು ತೆರುವ ಬೆಲೆ. ಮಾತು ನಿಜ. ಆದರೆ ವಾರದ ಆಪ್ಷನ್‌ನ ಅವಧಿ ಆಗ ಗುರುವಾರ ಮುಗಿಯುತ್ತಿತ್ತು, ಪ್ರತಿ ವಾರವೂ ಹೊಸ ಪ್ರೀಮಿಯಂ ಕಟ್ಟುತ್ತಿದ್ದೆ. ಒಂದು ವಹಿವಾಟಿನಲ್ಲಿ ಬಂಡವಾಳದ ಶೇ 2ಕ್ಕಿಂತ ಹೆಚ್ಚು ಕಳೆದುಕೊಳ್ಳಬಾರದು ಎಂಬ ನಿಯಮವೂ ಗೊತ್ತಿತ್ತು. ನನ್ನ ಪಾಲಿಗೆ ಅದು 1,200 ರೂಪಾಯಿ. ನಿಫ್ಟಿ ಸೂಚ್ಯಂಕದ ಲಾಟ್, ಅಂದರೆ ಒಮ್ಮೆಗೆ ಕೊಳ್ಳಲೇಬೇಕಾದ ಕನಿಷ್ಠ ಸಂಖ್ಯೆ, ಆಗಷ್ಟೇ 25ರಿಂದ 75ಕ್ಕೆ ಏರಿತ್ತು. 80 ರೂಪಾಯಿಯ ಕಾಲ್ (ಸೂಚ್ಯಂಕದ ಏರಿಕೆಯ ಮೇಲೆ ಕಟ್ಟುವ ಆಪ್ಷನ್) ಕೊಂಡರೆ 6,000 ಹೋಯಿತು. 1,200ಕ್ಕೆ ನಷ್ಟ ನಿಲ್ಲಿಸಬೇಕೆಂದರೆ ಪ್ರೀಮಿಯಂ 16 ರೂಪಾಯಿ ಇಳಿದೊಡನೆ ಮಾರಬೇಕು. ಅವಧಿ ಮುಗಿಯುವ ದಿನ 16 ರೂಪಾಯಿ ಇಳಿಯಲು ಕೆಲವು ನಿಮಿಷ ಸಾಕು. ಒಮ್ಮೆ ಸೂಚ್ಯಂಕ 30 ಅಂಶ ಏರಿಯೂ ನನ್ನ ಕಾಲ್ 80ರಿಂದ 52ಕ್ಕೆ ಬಂದಿತ್ತು. ಅವಧಿ ಮುಗಿಯುತ್ತ ಬಂದಂತೆ ಆಪ್ಷನ್‌ನ ಬೆಲೆ ಕರಗುತ್ತದೆ; ಏರಿಕೆ ಕೊಟ್ಟದ್ದಕ್ಕಿಂತ ಕಳೆದ ಗಂಟೆಗಳು ತಿಂದದ್ದು ಹೆಚ್ಚು. ನಿಯಮ ತಪ್ಪಲ್ಲ, ಅದನ್ನು ಪಾಲಿಸುವಷ್ಟು ಬಂಡವಾಳ ನನ್ನಲ್ಲಿರಲಿಲ್ಲ. ಮಾರ್ಚ್ ಮುಗಿಯುವಷ್ಟರಲ್ಲಿ 58,000 ಹೋಗಿತ್ತು. ತೆರಿಗೆ ಲೆಕ್ಕದಲ್ಲಿ ವ್ಯವಹಾರದ ನಷ್ಟವಾದ್ದರಿಂದ ಅದನ್ನು ಸಂಬಳದ ಆದಾಯದಿಂದ ಕಳೆಯಲೂ ಬರುವುದಿಲ್ಲ.

ನಿಜವಾದ ಪೆಟ್ಟು ಬಿದ್ದದ್ದು ಏಪ್ರಿಲ್‌ನಲ್ಲಿ. ‘ಈ ವರ್ಷ ಒಂದು ಸಾವಿರ ಹೆಚ್ಚಿಸುತ್ತೇನೆ’ ಎಂದರು ಯಜಮಾನರು. 21,000 ಇದ್ದದ್ದು 22,000. ‘ಆಗಲಿ ಸರ್’ ಎಂದು ಹೊರಬಂದೆ. ಇನ್ನೇನು ಹೇಳಲಿ? ಕೆಲಸ ಬಿಟ್ಟರೆ ಮುಂದಿನ ತಿಂಗಳ ಬಾಡಿಗೆಗೆ ಹಣವಿರಲಿಲ್ಲ. ಆ 60,000 ನನ್ನ ಪಾಲಿಗೆ ‘ಬೇಡ’ ಎನ್ನುವ ಶಕ್ತಿಯಾಗಿತ್ತು. ಅದು ಕೈಬಿಟ್ಟಿದೆ ಎಂದು ಆ ಕುರ್ಚಿಯಲ್ಲಿ ಕುಳಿತಾಗಲೇ ತಿಳಿಯಿತು.

ಆಮೇಲೆ ತಿಂಗಳಿಗೆ 6,000ದಂತೆ ಏಳು ತಿಂಗಳು ಬದಿಗಿಟ್ಟೆ. ಮೂರು ತಿಂಗಳ ಮನೆಖರ್ಚು ಕೂಡಿತು. ತೋರಣಗಲ್ಲಿನ ಒಬ್ಬ ಗುತ್ತಿಗೆದಾರರ ಕಚೇರಿಗೆ ಸಂದರ್ಶನಕ್ಕೆ ಹೋದೆ. 25,000 ಕೊಡುತ್ತೇವೆ ಎಂದರು. ಬಸ್ ಖರ್ಚು, ದಾರಿಯ ಸಮಯ ಲೆಕ್ಕ ಹಾಕಿದರೆ ಅದು ಬಳ್ಳಾರಿಯ 23,000ಕ್ಕೆ ಸಮ. ಅದಕ್ಕಿಂತ ಕಡಿಮೆಗೆ ಒಪ್ಪಬಾರದು, ಅದೇ ನನ್ನ ಕೆಳಗಿನ ಗೆರೆ ಎಂದು ಡೈರಿಯಲ್ಲಿ ಬರೆದುಕೊಂಡೆ.

ಡಿಸೆಂಬರ್‌ನಲ್ಲಿ ಯಜಮಾನರ ಮುಂದೆ ಒಂದು ಹಾಳೆ ಇಟ್ಟೆ. ಪ್ರತಿ ತಿಂಗಳು 31 ಜನರ ಜಿಎಸ್‌ಟಿ ವಿವರ, ಒಂದಕ್ಕೂ ತಡವಾದ ದಂಡವಿಲ್ಲ, ಬಂದಿದ್ದ ನೋಟಿಸುಗಳಿಗೆ ನಾನೇ ಬರೆದ ಉತ್ತರಗಳು. ಮನೆಯ ಕಷ್ಟ ಹೇಳಲಿಲ್ಲ. ‘28,000 ಆಗಬೇಕು ಸರ್’ ಎಂದು ಸುಮ್ಮನಾದೆ. ಆ ಮೌನ ಬಹಳ ಹೊತ್ತು ಇತ್ತು. ನಡುವೆ ಬಾಯಿ ಹಾಕಿ ನಾನೇ ಇಳಿಸಿಬಿಡುವ ಆಸೆಯಾಯಿತು, ತಡೆದುಕೊಂಡೆ. ಅವರು 24,000 ಎಂದರು. ಕೊನೆಗೆ 26,000ಕ್ಕೆ ಒಪ್ಪಿದೆವು, ಹೊಸ ತಿಂಗಳಿಂದಲೇ.

ಈಗ ಯಾವುದಾದರೂ ಹುಡುಗ ಆಪ್ಷನ್ಸ್ ಲೆಕ್ಕದ ಹಾಳೆ ತಂದರೆ, ನಷ್ಟ ಎಷ್ಟೆಂದು ನೋಡುವ ಮೊದಲು ಒಂದು ಮಾತು ಕೇಳುತ್ತೇನೆ: ಬ್ಯಾಂಕಿನಲ್ಲಿ ಎಷ್ಟು ತಿಂಗಳ ಮನೆಖರ್ಚು ಉಳಿದಿದೆ, ತಮ್ಮಾ?