ಖಾಲಿ ರಿಜಿಸ್ಟರು

ಪುಣೆ ಬಳಿಯ ಚಾಕಣ್‌ನ ಕಾರ್ಖಾನೆಯೊಂದಕ್ಕೆ ಸಲಹೆಗಾರನಾಗಿ ಹೋಗಿದ್ದಾಗ, ರಾತ್ರಿ ಪಾಳಿಯ ದೋಷಗಳ ರಿಜಿಸ್ಟರಿನಲ್ಲಿ ಮೂರು ವಾರಗಳಿಂದ ಒಂದು ಸಾಲೂ ಇಲ್ಲದ್ದನ್ನು ವ್ಯವಸ್ಥಾಪಕರು ಹೆಮ್ಮೆಯಿಂದ ತೋರಿಸಿದರು, ನನಗೆ ಆತಂಕವಾಯಿತು. ಚಹಾದ ಹೊತ್ತಿನಲ್ಲಿ ವಿಜಯಪುರ ಕಡೆಯ ಸೂಪರ್‌ವೈಸರ್ ಮೆಲ್ಲಗೆ ಹೇಳಿದರು: “ಬರದ್ರ ನಮ್ಮ ಮ್ಯಾಲೇ ಬರ್ತೈತ್ರಿ ಸರ್.”

ತಪ್ಪು ಒಪ್ಪಿಕೊಂಡರೂ ಅವಮಾನವಾಗದೆಂದು ಇಡೀ ತಂಡ ನಂಬಿರುವ ಸ್ಥಿತಿಯನ್ನು ಹಾರ್ವರ್ಡ್‌ನ ಸಂಶೋಧಕಿ ಆಮಿ ಎಡ್ಮಂಡ್‌ಸನ್, 51 ತಂಡಗಳ ಅಧ್ಯಯನವನ್ನು ಆಧರಿಸಿದ ತಮ್ಮ 1999ರ ಪ್ರಬಂಧದಲ್ಲಿ, ಮಾನಸಿಕ ಸುರಕ್ಷತೆ ಎಂದು ಕರೆದು, ತಂಡದ ಕಲಿಕೆಗೂ ಅದಕ್ಕೂ ಇರುವ ನಂಟನ್ನು ತೋರಿಸಿದರು. ಇದು ತರಬೇತಿ ಶಿಬಿರದಿಂದ ಬರುವಂಥದ್ದಲ್ಲವೆಂದು ನಾನು ದೃಢವಾಗಿ ನಂಬಿದ್ದೇನೆ. ಪಾಳಿ ಬದಲಾಗುವ ಹೊತ್ತಿನ ಸಭೆಯಲ್ಲಿ ವ್ಯವಸ್ಥಾಪಕರೇ ಮೊದಲು ತಮ್ಮದೊಂದು ತಪ್ಪು ನಿರ್ಧಾರವನ್ನು ಹೇಳಲಿ, “ಯಾರು ಮಾಡಿದ್ದು” ಎನ್ನುವ ಬದಲು “ಏನಾಯಿತು” ಎಂದು ಕೇಳಲಿ ಎಂದು ಕೋರಿದೆ.

ಎರಡನೆಯ ವಾರ ರಿಜಿಸ್ಟರಿನಲ್ಲಿ ನೀಲಿ ಶಾಯಿಯ ಮೊದಲ ಸಾಲು ಬಿತ್ತು: ಡೈ (ಅಚ್ಚು) ಸವೆದಿದೆ, ಎಂಟು ದಿನಗಳಿಂದ.